ಬೆಳಿಗ್ಗೆ ಐದಕ್ಕೆ ಬಿಯರ್ ಉಗುಳುವ ಆಲ್ಫೋನ್ಸರು

ದುಬೈಯ ದೇರಾದಲ್ಲಿ ಬೆಳಗಿನ ಐದು ಗಂಟೆ. ಹೊರಗೆ ಮಸೀದಿಯ ಬಾಂಗ್ ಕೇಳಿಸುತ್ತಿದೆ. ಒಳಗೆ ಹೋಟೆಲಿನ ಬಾರಿನಲ್ಲಿ ಕುರ್ಚಿಗಳೆಲ್ಲ ತಲೆಕೆಳಗಾಗಿ ಮೇಜಿನ ಮೇಲೆ ಕೂತಿವೆ. ಅರುವತ್ತೊಂದು ವರ್ಷದ ಆಲ್ಫೋನ್ಸ್ ಕ್ವಾಡ್ರಸ್ ಕೌಂಟರಿನ ಹಿಂದೆ ನಿಂತು ನಲ್ಲಿಯೊಂದನ್ನು ಎಳೆಯುತ್ತಾರೆ. ಕಪ್ಪಗಿನ ಸ್ಟೌಟ್ ಬಿಯರ್ ಗ್ಲಾಸಿಗೆ ಎರಡು ಬೆರಳಷ್ಟು ಇಳಿಯುತ್ತದೆ. ಮೂಸುತ್ತಾರೆ, ಬಾಯಿಗೆ ಹಾಕಿಕೊಳ್ಳುತ್ತಾರೆ, ಕಣ್ಣು ಮುಚ್ಚಿ ಹತ್ತು ಎಣಿಸುವಷ್ಟು ಹೊತ್ತು ನಿಲ್ಲುತ್ತಾರೆ. ಆಮೇಲೆ ಬಕೆಟಿಗೆ ಉಗುಳಿಬಿಡುತ್ತಾರೆ.

"ಸರಿ ಉಂಟಾ?" ಎಂದು ಕೇಳುತ್ತೇನೆ.

"ಸರಿ ಉಂಟು ಅಂತ ಕಾಣ್ತದೆ," ಎನ್ನುತ್ತಾರೆ. ಆಮೇಲೆ ಇನ್ನೊಮ್ಮೆ ಎಳೆದು, ಇನ್ನೊಮ್ಮೆ ಉಗುಳಿ, ನನ್ನ ಮುಖ ನೋಡುತ್ತಾರೆ. "ನಿಮಗೆ ಎಂತ ಕಾಣ್ತದೆ?"

ನನಗೆ ಏನು ಕಾಣಬೇಕು? ಹುಟ್ಟಿದಂದಿನಿಂದ ಬಿಯರ್ ಮುಟ್ಟದ ಉಡುಪಿಯ ಹೆಂಗಸು ನಾನು. ವಾರದ ಪುರವಣಿಗೆ ಯಾರ ಕಣ್ಣಿಗೂ ಬೀಳದ ದುಡಿಮೆಗಾರರೊಬ್ಬರ ಬಗ್ಗೆ ಬರೆಯಬೇಕಿತ್ತು. ಪರಿಚಯದವರು ಆಲ್ಫೋನ್ಸರ ಹೆಸರು ಹೇಳಿ "ಪೈಪ್ ಕ್ಲೀನ್ ಮಾಡ್ತಾರೆ" ಎಂದಷ್ಟೇ ಹೇಳಿದ್ದರು. ನಾನು ನೀರಿನ ಪೈಪು ಎಂದುಕೊಂಡು ಬಂದೆ. ಬಂದ ಮೇಲೆ ನೋಡಿದರೆ ಇದು. ನನ್ನ ಅತ್ತೆ ಪುರವಣಿಯನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದುವವರು ಎಂಬುದನ್ನೂ ಇಲ್ಲಿ ಹೇಳಿಬಿಡುತ್ತೇನೆ.

ಕೆಲಸ ಹೀಗಿದೆ. ಬಾರಿನ ಹಿಂದಿನ ತಂಪು ಕೋಣೆಯಲ್ಲಿ ಬಿಯರಿನ ದೊಡ್ಡ ಉಕ್ಕಿನ ಪೀಪಾಯಿಗಳಿವೆ. ಅಲ್ಲಿಂದ ಸಪೂರ ಪೈಪುಗಳು ಕೌಂಟರಿನ ನಲ್ಲಿಗಳಿಗೆ ಬರುತ್ತವೆ. 'ಲೈನು' ಎಂದು ಕರೆಯುವ ಈ ಪೈಪುಗಳಲ್ಲಿ ವಾರಕ್ಕೊಮ್ಮೆ ಕೊಳೆ ತೆಗೆಯುವ ಮದ್ದು ತುಂಬಿಸಿ, ಅರ್ಧ ಗಂಟೆ ನೆನೆಯಲು ಬಿಟ್ಟು, ನೀರು ಹಾಯಿಸಿ ತೊಳೆಯಬೇಕು. ತೊಳೆಯದಿದ್ದರೆ ಒಳಗೆ ಲೋಳೆ ಕಟ್ಟಿ ಬಿಯರ್ ಹುಳಿಯಾಗುತ್ತದೆ. ತೊಳೆದು ಮದ್ದು ಉಳಿದರೆ ಕುಡಿದವರ ಗಂಟಲು ಸುಡುತ್ತದೆ. ಹಾಗಾಗಿ ಕೊನೆಯ ನೀರನ್ನು ನಾಲಿಗೆಗೆ ತುಸು ಸೋಕಿಸಿ, ಬಣ್ಣ ಬದಲಾಗುವ ಒಂದು ಕಾಗದದ ಚೂರನ್ನೂ ಅದಕ್ಕೆ ಅದ್ದಿ ನೋಡುತ್ತಾರೆ. ಅದಾದ ಮೇಲೆ ಬಿಯರ್ ಎಳೆದು ನಾಲಿಗೆಯಲ್ಲಿ ನೋಡುತ್ತಾರೆ. ದುಬೈಯಲ್ಲಿ ಮೂರು ಹೋಟೆಲು, ಗುರುವಾರ ಬಸ್ಸಿನಲ್ಲಿ ಹೋಗಿ ಅಬುಧಾಬಿಯಲ್ಲಿ ಒಂದು. ಒಟ್ಟು ಮೂವತ್ತೆಂಟು ನಲ್ಲಿ. ವರ್ಷಕ್ಕೆ ಹೆಚ್ಚುಕಡಿಮೆ ಎರಡು ಸಾವಿರ ಸಲ ಬಿಯರನ್ನು ಬಾಯಿಗೆ ಹಾಕಿ ಉಗುಳುವ ಮನುಷ್ಯ ಇವರು.

ಬಾರಿನ ಮ್ಯಾನೇಜರ್ ಕಾಪುವಿನ ಪೃಥ್ವಿರಾಜ್. ನಮ್ಮ ಕಡೆ ತುಳುವರು ಕ್ರಿಶ್ಚಿಯನ್ ಹಿರಿಯರನ್ನು ಕರೆಯುವಂತೆಯೇ ಆಲ್ಫೋನ್ಸರನ್ನು 'ಪೊರ್ಬುಲೆ' ಎಂದು ಕರೆಯುತ್ತಾನೆ. "ಪೊರ್ಬುಲು ಓಕೆ ಹೇಳಿದ್ರೆ ಖಲಾಸ್, ನಾನು ತಿರುಗಿ ನೋಡುದಿಲ್ಲ ಅಕ್ಕ," ಎನ್ನುತ್ತಾನೆ. ಆಲ್ಫೋನ್ಸರು ನಗುವುದಿಲ್ಲ. ನಲ್ಲಿಯ ಮೂತಿಯನ್ನು ಬಿಚ್ಚಿ ಬ್ರಶ್ಶಿನಲ್ಲಿ ಉಜ್ಜುತ್ತಲೇ ಇರುತ್ತಾರೆ.

ಆಮೇಲೆ ಹೋಟೆಲಿನ ಹಿಂಬದಿಯಲ್ಲಿ ಕಡಕ್ ಚಹಾ ಕುಡಿಯುವಾಗ ಸಂಗತಿ ಹೊರಗೆ ಬರುತ್ತದೆ. ಮೂರು ತಿಂಗಳ ಹಿಂದೆ ಒಂದು ಬೆಳಿಗ್ಗೆ ಕೊನೆಯ ನೀರನ್ನು ನಾಲಿಗೆಗೆ ಸೋಕಿಸಿ ನೋಡಿ 'ಮದ್ದಿಲ್ಲ' ಎಂದುಕೊಂಡರು. ಕಾಗದ ಅದ್ದಿದರೆ ಅದು 'ಮದ್ದುಂಟು' ಎಂದಿತು. ಮೂವತ್ತೈದು ವರ್ಷಗಳಲ್ಲಿ ಇವೆರಡು ಜಗಳವಾಡಿದ್ದು ಅದೇ ಮೊದಲು.

"ನಾನು ಪುನಃ ಎಲ್ಲ ತೊಳೆದೆ. ಯಾರಿಗೂ ಹೇಳ್ಲಿಲ್ಲ. ಕಾಗದ ಕಿಸೆಯಲ್ಲಿ ಇತ್ತು, ಆಗಸ್ಟ್ ತಿಂಗಳು, ಬೆವರಿಗೆ ಹಾಳಾಗಿರ್ಲಿಕ್ಕೂ ಸಾಕು. ಅಥವಾ ನನ್ನ ನಾಲಿಗೆ ಹಾಳಾಗಿರ್ಲಿಕ್ಕೂ ಸಾಕು. ಯಾವುದು ಅಂತ ಹೇಗೆ ಗೊತ್ತಾಗುದು ಮಾರಾಯ್ರೆ? ನಾಲಿಗೆಯನ್ನು ಪರೀಕ್ಷೆ ಮಾಡ್ಲಿಕ್ಕೆ ಇನ್ನೊಂದು ನಾಲಿಗೆ ಉಂಟಾ?"

ಈ ಪ್ರಶ್ನೆಗೆ ಸೋಮವಾರದೊಳಗೆ ಅವರಿಗೆ ಉತ್ತರ ಬೇಕೇ ಬೇಕು. ಅವರನ್ನು ಕೆಲಸಕ್ಕಿಟ್ಟುಕೊಂಡಿರುವ ಏಜೆನ್ಸಿಯವರು ಇನ್ನೆರಡು ವರ್ಷದ ರಿನ್ಯೂವಲ್ ಕಾಗದ ಕೊಟ್ಟಿದ್ದಾರೆ. 'ಈ ಕೆಲಸಕ್ಕೆ ನಾನು ಸಮರ್ಥನಿದ್ದೇನೆ' ಎಂಬ ಸಾಲಿನ ಕೆಳಗೆ ಸಹಿ ಹಾಕಬೇಕು. ಹಾಕದಿದ್ದರೆ ಕೆಲಸವೂ ಇಲ್ಲ, ವೀಸಾವೂ ಇಲ್ಲ. ಏಜೆನ್ಸಿಯ ಅಬ್ದುಲ್ ರವೂಫ್ ದಿನಕ್ಕೆರಡು ಸಲ ಫೋನ್ ಮಾಡಿ "ಯಲ್ಲಾ ಚಾಚಾ, ಸೈನ್ ಕರೋ" ಎಂದು ಅವಸರಪಡಿಸುತ್ತಾರಂತೆ. ಸುಳ್ಳು ಸಹಿ ಹಾಕುವ ಮನುಷ್ಯ ಇವರಲ್ಲ. ನಿಜ ಯಾವುದೆಂದು ಇವರಿಗೇ ಗೊತ್ತಿಲ್ಲ.

ಶನಿವಾರ ಮಧ್ಯಾಹ್ನ ಅಲ್ ಮುರಕ್ಕಬಾತಿನ ಅವರ ಫ್ಲಾಟಿಗೆ ಊಟಕ್ಕೆ ಹೋಗುತ್ತೇನೆ. ವಾರವಿಡೀ ಉಗುಳುವ ಆಲ್ಫೋನ್ಸರು ನುಂಗುವುದು ಶನಿವಾರ ಮಾತ್ರ. ಒಂದು ಬಾಟಲಿ ಏಲ್ ಅಥವಾ ಒಂದು ಬಾಟಲಿ ಸ್ಟೌಟ್, ಎರಡೂ ಇಂಗ್ಲೆಂಡಿನ ಬಿಯರುಗಳು. ಏಲ್ ಹಾಲು ಹಾಕದ ಕಣ್ಣು ಚಹಾದ ಬಣ್ಣ, ಸ್ಟೌಟ್ ಹುರಿದ ಬಾರ್ಲಿಯ ಕಪ್ಪು. ನಲುವತ್ತು ನಿಮಿಷ ಮುಂಚೆಯೇ ಫ್ರಿಜ್ಜಿನಿಂದ ತೆಗೆದು ಮೇಜಿನ ಮೇಲಿಡುತ್ತಾರೆ. ತೀರಾ ತಣ್ಣಗಿದ್ದರೆ ಅದರ ರುಚಿ ಬಾಯಿಗೆ ಹತ್ತುವುದಿಲ್ಲವಂತೆ. ಬೇಸಿಗೆಯಲ್ಲಿ ನಲುವತ್ತು ಡಿಗ್ರಿ ದಾಟುವ ಊರಿನಲ್ಲಿ ಬಿಯರನ್ನು ಬಿಸಿ ಮಾಡಿಕೊಂಡು ಕುಡಿಯುವವರನ್ನು ನಾನು ಇದೇ ಮೊದಲು ನೋಡುತ್ತಿದ್ದೇನೆ.

ಈ ಅಭ್ಯಾಸ ಅಂಟಿದ್ದು ಅಬುಧಾಬಿಯಲ್ಲಿ. ಉಡುಪಿ ಕಡೆಯ ಮುದರಂಗಡಿಯಿಂದ ಇಪ್ಪತ್ತಾರನೇ ವಯಸ್ಸಿಗೆ ಬಂದ ಆಲ್ಫೋನ್ಸರು ಎಲೆಕ್ಟ್ರಾ ಸ್ಟ್ರೀಟಿನ ಹೋಟೆಲೊಂದರ ನೆಲಮಾಳಿಗೆಯಲ್ಲಿದ್ದ 'ಬ್ರಾಸ್ ಲ್ಯಾಂಟರ್ನ್' ಎಂಬ ಪಬ್ಬಿನಲ್ಲಿ ಗ್ಲಾಸು ತೊಳೆಯಲು ಸೇರಿದರು. ಬೇಗನೆ ಪೈಪು ತೊಳೆಯುವುದನ್ನೂ ಕಲಿತು ಹತ್ತೊಂಬತ್ತು ವರ್ಷ ಅಲ್ಲಿಯೇ ಇದ್ದರು. ಕಿಟಕಿಯೇ ಇಲ್ಲದ ಕೋಣೆ, ಸುಳ್ಳು ತೊಲೆಗಳು, ಉರಿಯದ ಅಗ್ಗಿಷ್ಟಿಕೆ. ತೈಲ ಕಂಪನಿಯ ಇಂಗ್ಲಿಷರು ಬಂದು ಒಂದೊಂದು ಪೈಂಟ್, ಅಂದರೆ ಒಂದೊಂದು ದೊಡ್ಡ ಗ್ಲಾಸು ಬಿಯರ್, ಹಿಡಿದುಕೊಂಡು ತಮ್ಮ ಊರಿನ ಪಬ್ಬುಗಳ ಕತೆ ಹೇಳುತ್ತಿದ್ದರು. ಬಾಗಿಲಲ್ಲಿ ಮಲಗುವ ನಾಯಿ, ತಲೆಗೆ ತಾಗುವ ಬಾಗಿಲು, ಹೊರಗೆ ಬೀಳುವ ಮಂಜು. ಆ ಪಬ್ಬು ಈಗಿಲ್ಲ. ಆ ಜಾಗದಲ್ಲಿ ಮೊಬೈಲ್ ಅಂಗಡಿಯ ಗೋಡೌನಿದೆ.

"ಮೊನ್ನೆ ಕನಸಲ್ಲಿ ಪಬ್ಬು ಬಂತು," ಎನ್ನುತ್ತಾರೆ. "ಬಾಗಿಲಲ್ಲಿ ನಾಯಿ ಮಲಗಿತ್ತು. ನಮ್ಮ ಪಬ್ಬಲ್ಲಿ ನಾಯಿ ಎಲ್ಲಿತ್ತು ಹೇಳಿ? ನಾನು ಇಂಗ್ಲೆಂಡ್ ನೋಡಿಯೇ ಇಲ್ಲ. ಇದು ನನ್ನ ನೆನಪೋ, ಅವರದ್ದೋ, ಒಂದೂ ಗೊತ್ತಾಗುದಿಲ್ಲ."

ಈಗ ಬಾಟಲಿಯಲ್ಲಿ ಸಿಗುವುದು ಆಗಿನ ಹಾಗಿಲ್ಲ ಎಂಬುದು ಅವರ ಇನ್ನೊಂದು ತಲೆನೋವು. ಬಿಯರ್ ಬದಲಾಯಿತೋ ನಾಲಿಗೆ ಬದಲಾಯಿತೋ? ಆಗ ಗ್ಲಾಸು ತೊಳೆಯುವವನಿಗೆ ಸಿಗುತ್ತಿದ್ದದ್ದು ಯಾರಾದರೂ ಕೊಡಿಸಿದರೆ ಅರ್ಧ ಪೈಂಟ್. ಈಗ ಬಾಟಲಿ ಕೈಯಲ್ಲಿದೆ, ರುಚಿಯ ಮೇಲೆ ನಂಬಿಕೆ ಇಲ್ಲ. ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಎನ್ನುವುದು ಇದಕ್ಕೇ ಇರಬೇಕು. ಬ್ಯಾಂಕಿನಲ್ಲಿ ಕೆಲಸ ಮಾಡುವ ಮಗಳು ಸ್ಟೇಸಿ ಮೊಬೈಲಿನಿಂದ ತಲೆ ಎತ್ತದೆ, "ಡ್ಯಾಡ್, ಇಟ್ಸ್ ಜಸ್ಟ್ ಬಿಯರ್," ಎನ್ನುತ್ತಾಳೆ. ಅವರಿಗೆ ಅದು ಬಿಯರ್ ಮಾತ್ರ ಆಗಿದ್ದರೆ ಈ ಲೇಖನವೇ ಬೇಕಿರಲಿಲ್ಲ.

ಕೊನೆಗೆ ಹೆಂಡತಿ ಸುಸನ್ ಒಂದು ಉಪಾಯ ಹೂಡುತ್ತಾರೆ. ಇವರು ಮೂವತ್ತು ವರ್ಷ ಆಸ್ಪತ್ರೆಯ ಲ್ಯಾಬಿನಲ್ಲಿದ್ದು ನಿವೃತ್ತರಾದವರು. ಪರೀಕ್ಷೆ ಎಂದರೆ ಪರೀಕ್ಷೆ. ಗಂಡನ ಕಣ್ಣಿಗೆ ಅಡುಗೆಮನೆಯ ಟವೆಲ್ ಕಟ್ಟಿ ಕುರ್ಚಿಯಲ್ಲಿ ಕೂರಿಸುತ್ತಾರೆ. ಬ್ರಾಸ್ ಲ್ಯಾಂಟರ್ನ್ ಮುಚ್ಚಿದಾಗ ತಂದ ಮೂರು ಪೈಂಟ್ ಗ್ಲಾಸುಗಳು ಮನೆಯಲ್ಲಿವೆ. ಮೂರಕ್ಕೂ ಸ್ಟೌಟ್ ಸುರಿದು ಸಾಲಾಗಿ ಇಡುತ್ತಾರೆ. ನನಗೆ ಬಾಯಿಗೆ ಬೆರಳಿಟ್ಟು ಸುಮ್ಮನಿರಲು ಸನ್ನೆ ಮಾಡುತ್ತಾರೆ. ಮೂರನ್ನೂ ಸುರಿದದ್ದು ಒಂದೇ ಬಾಟಲಿಯಿಂದ, ನಾನೇ ನೋಡಿದ್ದೇನೆ. ನಡುವಿನ ಗ್ಲಾಸಿನ ನೊರೆ ಮಾತ್ರ ಬೇಗ ಇಳಿದುಹೋಗುತ್ತದೆ. ಅದೇಕೆಂದು ನನಗೆ ಅರ್ಥವಾಗುವುದಿಲ್ಲ.

ಆಲ್ಫೋನ್ಸರು ಮೊದಲನೆಯದನ್ನು ಗುಟುಕರಿಸುತ್ತಾರೆ, ನೀರು ಕುಡಿಯುತ್ತಾರೆ. ಎರಡನೆಯದು, ಪುನಃ ನೀರು. ಮೂರನೆಯದು. ಎರಡನೆಯದಕ್ಕೆ ಮತ್ತೊಮ್ಮೆ ಕೈಚಾಚುತ್ತಾರೆ. ಹಣೆಯಲ್ಲಿ ಬೆವರು ಕಾಣಿಸುತ್ತದೆ, ಎಸಿ ಓಡುತ್ತಲೇ ಇದೆ.

"ಒಂದು, ಮೂರು ಒಂದೇ," ಎನ್ನುತ್ತಾರೆ. "ಎರಡನೇದು ಬೇರೆ. ಅದರಲ್ಲಿ ಎಂತದೋ ಉಂಟು. ಸರಿಯಾಗಿ ತೊಳೆಯದ ಲೈನಿನ ಹಾಗೆ."

ಸುಸನ್ ಮುಖ ಬಾಡುತ್ತದೆ. "ಮೂರೂ ಒಂದೇ ಬಾಟ್ಲಿಯದ್ದು," ಎಂದು ಮೆಲ್ಲನೆ ಹೇಳುತ್ತಾರೆ. "ಬಾಟ್ಲಿಗೆ ಎಲ್ಲಿಯ ಲೈನು?"

ಆಲ್ಫೋನ್ಸರು ಟವೆಲ್ ಬಿಚ್ಚುತ್ತಾರೆ. ಗ್ಲಾಸಿನ ಕಡೆ ನೋಡುವುದೂ ಇಲ್ಲ. "ಖಲಾಸ್," ಎನ್ನುತ್ತಾರೆ. "ಆಯ್ತಲ್ಲ, ಗೊತ್ತಾಯ್ತಲ್ಲ. ಇಲ್ಲದ್ದು ಉಂಟು ಅಂತ ಕಾಣ್ಲಿಕ್ಕೆ ಶುರು ಆಗಿದೆ. ಸೋಮವಾರ ರವೂಫಿಗೆ ಕಾಗದ ಹಾಗೇ ವಾಪಸ್ ಕೊಡ್ತೇನೆ." ಸ್ಟೇಸಿ ಮೊಬೈಲ್ ಕೆಳಗಿಟ್ಟು ಅಪ್ಪನ ಭುಜ ಹಿಡಿಯುತ್ತಾಳೆ. ನಾನು ನೊರೆ ಇಳಿದ ಆ ನಡುವಿನ ಗ್ಲಾಸನ್ನೇ ನೋಡುತ್ತೇನೆ.

ನೋಡುತ್ತಿದ್ದ ಹಾಗೆ ನನಗೆ ಹೊಳೆಯುತ್ತದೆ. ನಾನು ಬಂದ ಕೂಡಲೇ ಸುಸನ್ ಪುನರ್ಪುಳಿ ಶರಬತ್ತು ಕೊಟ್ಟಿದ್ದರು. ಮನೆಗೆ ಬಂದವರಿಗೆ ಒಳ್ಳೆಯ ಗ್ಲಾಸಿನಲ್ಲೇ ಕೊಡಬೇಕಲ್ಲ, ಈ ಮೂರರಲ್ಲಿ ಒಂದರಲ್ಲಿ ಕೊಟ್ಟಿದ್ದರು. ಕುಡಿದ ಲೋಟವನ್ನು ಬೇರೆಯವರ ಮನೆಯ ಸಿಂಕಿನಲ್ಲಿ ಹಾಗೇ ಬಿಟ್ಟು ಬರುವ ಬುದ್ಧಿ ನಮಗೆ ಅಮ್ಮಂದಿರು ಕಲಿಸಿಲ್ಲ. ಸುಸನ್ ಬಂಗುಡೆ ಹುರಿಯುತ್ತಿದ್ದಾಗ ನಾನು ಸದ್ದಿಲ್ಲದೆ ಅದನ್ನು ಪಾತ್ರೆ ತೊಳೆಯುವ ಲಿಂಬೆ ಸಾಬೂನು ಹಾಕಿ ಉಜ್ಜಿ, ನೀರು ದಂಡವಾಗಬಾರದೆಂದು ಒಂದೇ ಸಲ ತೊಳೆದು, ಒರೆಸಿ, ಉಳಿದೆರಡರ ನಡುವೆ ಇಟ್ಟುಬಂದಿದ್ದೆ.

ಹೇಳುತ್ತೇನೆ. ತಡವರಿಸುತ್ತ, ಅರ್ಧ ಕನ್ನಡ ಅರ್ಧ ತುಳುವಿನಲ್ಲಿ ಹೇಳುತ್ತೇನೆ.

"ಸಾಬೂನಾ!" ಎಂದು ಆಲ್ಫೋನ್ಸರು ಎದ್ದೇ ನಿಲ್ಲುತ್ತಾರೆ. ಬಿಯರ್ ಗ್ಲಾಸಿಗೆ ಅವರು ಸಾಬೂನು ಸೋಕಿಸುವವರೇ ಅಲ್ಲವಂತೆ. ಬಿಸಿನೀರು, ಚಿಟಿಕೆ ಸೋಡಾ, ಆಮೇಲೆ ಬೋರಲು ಹಾಕಿ ಗಾಳಿಗೆ ಒಣಗಿಸುವುದು, ಅಷ್ಟೇ. ಮನೆಗೆ ತಂದಂದಿನಿಂದ ಸುಸನ್‌ಗೂ ಆ ಗ್ಲಾಸುಗಳನ್ನು ತೊಳೆಯಲು ಬಿಟ್ಟಿಲ್ಲ. ಎರಡನೇ ಗ್ಲಾಸನ್ನು ಬೆಳಕಿಗೆ ಹಿಡಿಯುತ್ತಾರೆ. ನೊರೆ ಎಲ್ಲಿಯೂ ಇಲ್ಲ, ಗ್ಲಾಸಿನಲ್ಲಿ ಸಾಬೂನು ಉಳಿದರೆ ಬಿಯರಿನ ನೊರೆ ನಿಲ್ಲುವುದಿಲ್ಲವಂತೆ. ಮೂಸುತ್ತಾರೆ. "ಲಿಂಬೆ," ಎನ್ನುತ್ತಾರೆ. ಹೆಂಡತಿಯ ಮೂಗಿಗೆ ಹಿಡಿಯುತ್ತಾರೆ. ಆಕೆಗೆ ಏನೂ ಗೊತ್ತಾಗುವುದಿಲ್ಲ. ಸ್ಟೇಸಿಗೂ ಗೊತ್ತಾಗುವುದಿಲ್ಲ. ನಾನು ಮೂಸಿದರೆ ನನಗೆ ಹುರಿದ ಕಾಫಿಯ ಹಾಗೆ ಏನೋ ಒಂದು ವಾಸನೆ, ಅಷ್ಟೇ.

ನಗುತ್ತಾರೆ ಎಂದುಕೊಂಡರೆ ಅವರ ಕಣ್ಣಲ್ಲಿ ನೀರು ಬಂದಿರುತ್ತದೆ. ನಾನು ಕ್ಷಮೆ ಕೇಳಲು ಹೋದರೆ ಕೈ ಅಡ್ಡ ಹಿಡಿಯುತ್ತಾರೆ. "ಬೇಡ ಮೇಡಂ. ನೀವು ತೊಳೆಯದಿದ್ರೆ ನಾನು ಮೂರೂ ಒಂದೇ ಅಂತ ಹೇಳ್ತಿದ್ದೆ, ಆಮೇಲೆ ರಾತ್ರಿಯಿಡೀ ಸಂಶಯ. ಈಗ ಸಂಶಯ ಇಲ್ಲ."

"ಹಾಗಾದರೆ ಹಳೇ ಪಬ್ಬಿನ ರುಚಿ ಯಾಕೆ ಸಿಗುವುದಿಲ್ಲ?" ಎಂದು ನಾನು ಕೇಳುತ್ತೇನೆ. ಉತ್ತರ ಕೊಡುವುದು ಸುಸನ್. "ಆವಾಗ ಇವರಿಗೆ ಇಪ್ಪತ್ತಾರು ವರ್ಷ. ಬಚ್ಚಲ ನೀರು ಕೊಟ್ರೂ ರುಚಿಯೇ." ಆಲ್ಫೋನ್ಸರು ಇದನ್ನು ಒಪ್ಪುವುದೂ ಇಲ್ಲ, ಅಲ್ಲಗಳೆಯುವುದೂ ಇಲ್ಲ. ಆ ಗೊಂದಲ ಅವರಿಗೆ ಇರಲಿ ಎಂದು ನನಗೂ ಅನಿಸುತ್ತದೆ.

ಟಿ.ವಿ. ಮೇಲಿಟ್ಟಿದ್ದ ರಿನ್ಯೂವಲ್ ಕಾಗದವನ್ನು ತಂದು, ಮೇಜು ಒರೆಸಿ, ಹೆಸರನ್ನು ನಿಧಾನವಾಗಿ ಪೂರ್ತಿ ಬರೆಯುತ್ತಾರೆ. ಇನ್ನು ಮೇಲೆ ಪರೀಕ್ಷೆಯ ಕಾಗದವನ್ನು ಕಿಸೆಯಲ್ಲಿಡದೆ ಮುಚ್ಚಳವಿರುವ ಡಬ್ಬಿಯಲ್ಲಿ ಇಡುತ್ತಾರಂತೆ. ಕಾಗದ, ನಾಲಿಗೆ ಎರಡೂ ಒಪ್ಪಿದರೆ ಮಾತ್ರ ನಲ್ಲಿ ತೆರೆಯುವುದಂತೆ.

ಹೊರಡುವ ಮುಂಚೆ, ಇಷ್ಟು ವರ್ಷಗಳಲ್ಲಿ ಗಿರಾಕಿಗಳು ಯಾರಾದರೂ ಬಿಯರ್ ಚೆನ್ನಾಗಿದೆ ಎಂದು ಹೊಗಳಿದ್ದುಂಟೇ ಎಂದು ಕೇಳುತ್ತೇನೆ. ಆಲ್ಫೋನ್ಸರು ತಲೆಯಲ್ಲಾಡಿಸುತ್ತಾರೆ.

"ಇಲ್ಲ. ಹೊಗಳುದು ಬೇಡ ಮಾರಾಯ್ರೆ. ಇಬ್ಬರು ದೋಸ್ತಿಗಳು ಮಾತಾಡ್ತಾ ಬಂದು ಕೂತ್ಕೊಳ್ತಾರೆ, ಗ್ಲಾಸ್ ಬರ್ತದೆ, ಒಂದು ಗುಟುಕು ಕುಡೀತಾರೆ. ಕುಡಿದವರು ಗ್ಲಾಸ್ ಕಡೆ ನೋಡದೆ ಮಾತು ಮುಂದುವರಿಸ್ಬೇಕು. ನನಗೆ ಅಷ್ಟು ಸಾಕು."