ಎಲೆಗೆ ನೀಲಿ, ಹೂವಿಗೆ ಕೆಂಪು

ಮೆಟ್ಟಿಲ ಕೆಳಗಿನ ಕಿಟಕಿಯಿಲ್ಲದ ಕೋಣೆಯಲ್ಲಿ ಕ್ಷೌರದಂಗಡಿ ಇಟ್ಟವನಿಗೆ ಗಿಡ ಬೆಳೆಸುವ ಹುಚ್ಚು ಯಾಕೆ ಬೇಕಿತ್ತು ಎಂದು ಹೆಂಡತಿ ಕೇಳಿ ಕೇಳಿ ಸುಸ್ತಾಗಿದ್ದಳು. ಗಿರಾಕಿಗಳ ಬಾಯಲ್ಲಿ ಅವನು ನಾಜೂಕಯ್ಯ. ಒಂದು ಮೀಸೆ ಕತ್ತರಿಸಲು ಹತ್ತು ಸಲ ಹಿಂದೆ ಸರಿದು ನೋಡುವ ಆಸಾಮಿ. ಆದರೆ ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವನು. ಕನ್ನಡಿಯ ಪಕ್ಕದಲ್ಲಿ ದೊಣ್ಣೆ ಮೆಣಸಿನ ಗಿಡ ಇಟ್ಟು, ಕಾಯಿ ಬಿಡಿಸಿಯೇ ತೀರುತ್ತೇನೆಂದು ಪಟ್ಟು ಹಿಡಿದಿದ್ದ.

"ಎಲೆ ಬರೋವರೆಗೆ ನೀಲಿ ಹಾಕಿ, ಮೊಗ್ಗು ಕಂಡ ಮೇಲೆ ಕೆಂಪು," ಎಂದು ನರ್ಸರಿಯವನು ಎರಡು ಎಲ್‌ಇಡಿ ಬಲ್ಬು ಕೊಟ್ಟಿದ್ದ. ಅಂಗಡಿಯಲ್ಲಿದ್ದದ್ದು ಒಂದೇ ಹೋಲ್ಡರ್. ಬಿಳಿ ಬಲ್ಬು ಕಳಚಿ ನೀಲಿ ಹಾಕಿದ್ದೇ ತಡ, ಗಿಡ ನಳನಳಿಸಿತು. ಗಿರಾಕಿಗಳ ಮುಖ ಮಾತ್ರ ಹೆಣದ ಹಾಗೆ ಕಾಣತೊಡಗಿತು. ಒಬ್ಬನಂತೂ ಕನ್ನಡಿ ನೋಡಿ, ತನಗೇನೋ ಕಾಯಿಲೆಯೆಂದು ಅರ್ಧ ಗಡ್ಡದಲ್ಲೇ ಎದ್ದು ನಿಂತ.

"ಗಿಡಕ್ಕೆ ಎಲೆ ಬರ್ತಿದೆ, ಸ್ವಲ್ಪ ದಿನ ಸಹಿಸ್ಕೊಳ್ಳಿ," ಎಂದು ನಾಜೂಕಯ್ಯ ಅವನನ್ನು ಮತ್ತೆ ಕೂರಿಸಿದ.

ಹೀಗಿರುವಾಗ ಬೀಗರಾಗಬೇಕಾದವರು ಬಂದರು. ಮಗಳು ಅವರ ಮಗನನ್ನು ಮೆಚ್ಚಿದ್ದಳು. ಹುಡುಗನ ತಂದೆಯಾದ ಇವರು ಹೂಂ ಎನ್ನುವುದೊಂದೇ ಬಾಕಿ. ಅಂಗಿಯ ಇಸ್ತ್ರಿ ಮುರಿಯದ, ನಗೆಯನ್ನು ಕಂಡರಿಯದ ನಿವೃತ್ತ ಬ್ಯಾಂಕ್ ಅಧಿಕಾರಿ. "ತಲೆ ಕಪ್ಪು ಮಾಡಿ," ಎಂದರು. ನಾಜೂಕಯ್ಯ ಮೈಯೆಲ್ಲ ಕಣ್ಣಾಗಿ ಬಣ್ಣ ಕಲಸಿದ, ಹಚ್ಚಿದ, ತೊಳೆದ. ಕೂದಲು ಕಾಡಿಗೆಯಂತೆ ಮಿರುಗಿತು. ಅವರು ತಲೆದೂಗಿ ಬೀದಿಗಿಳಿದರು.

ಬೀಳ್ಕೊಡಲು ಹೋದ ನಾಜೂಕಯ್ಯನಿಗೆ ಬಿಸಿಲಲ್ಲಿ ಕಂಡದ್ದು ಬೀಟ್‌ರೂಟ್ ಬಣ್ಣದ ತಲೆ. ನೀಲಿ ಬೆಳಕಿನಲ್ಲಿ ಕಪ್ಪು ಬಣ್ಣವೂ ಕಡುಗೆಂಪು ಬಣ್ಣವೂ ಒಂದೇ ಆಗಿ ಕಂಡು, ತಪ್ಪು ಡಬ್ಬಿಗೆ ಕೈಹಾಕಿದ್ದ. ಕೂಗಿ ಕರೆಯುವಷ್ಟರಲ್ಲಿ ಅವರು ಬೀದಿಯ ತಿರುವು ತಲುಪಿದ್ದರು. ಪಾಪ, ಬೀಗರು ಅದೇ ಗಾಂಭೀರ್ಯದಲ್ಲಿ ನಡೆದುಹೋದರು.

"ಮಗಳ ಬಾಳಿಗೇ ಕಲ್ಲು ಹಾಕಿದ್ರಲ್ಲ," ಎಂದು ಫೋನಿನಲ್ಲಿ ವಿಷಯ ಕೇಳಿದ ಹೆಂಡತಿ ಹಣೆ ಚಚ್ಚಿಕೊಂಡಳು. ಆ ಮಾತು ಅವನಿಗೆ ಚುಚ್ಚಿತು. ಗಿಡದಲ್ಲಿ ಆಗಲೇ ಮೊಗ್ಗು ಕಂಡಿತ್ತು, ಕೆಂಪು ದೀಪ ಹಾಕುವ ಹೊತ್ತು. ಆದರೂ ಹಳೆಯ ಬಿಳಿ ಬಲ್ಬನ್ನೇ ಸಿಕ್ಕಿಸಿ, ಕಪ್ಪು ಬಣ್ಣ ಕಲಸಿಟ್ಟುಕೊಂಡು, ಬೀಗರು ತಿರುಗಿ ಬಂದೇ ಬರುತ್ತಾರೆಂದು ಕಾದ.

ಸಂಜೆ ಬೀಗರು ತಲೆಗೆ ಟವೆಲ್ ಸುತ್ತಿಕೊಂಡು ಬಂದರು. ನಾಜೂಕಯ್ಯ ಕೈಮುಗಿದ.

"ತಪ್ಪಾಯ್ತು. ಕೂತ್ಕೊಳ್ಳಿ, ಕಪ್ಪು ಮಾಡ್ಕೊಡ್ತೀನಿ. ಮಗಳ ಮೇಲೆ ಮಾತ್ರ ಕೋಪ ಮಾಡ್ಕೋಬೇಡಿ."

ಬೀಗರು ಟವೆಲ್ ಬಿಚ್ಚಿ ಬಹಳ ಹೊತ್ತು ಕನ್ನಡಿ ನೋಡಿದರು. "'ಊಟಕ್ಕೆ ಬನ್ನಿ' ಅನ್ನೋದು ಬಿಟ್ರೆ ನನ್ನ ಹೆಂಡತಿ ನನ್ನ ಹತ್ರ ಬೇರೆ ಮಾತಾಡಿ ಎಷ್ಟೋ ವರ್ಷ ಆಗಿತ್ತು," ಎಂದರು. "ಇವತ್ತು ಬಾಗಿಲು ತೆಗೆದವಳು ನನ್ನ ನೋಡಿ, ನೆಲದ ಮೇಲೆ ಕೂತು ನಕ್ಕಳು. ನನಗೂ ತಡೆಯೋಕಾಗ್ಲಿಲ್ಲ. ಮಧ್ಯಾಹ್ನವೆಲ್ಲ ಮಾತಾಡಿದ್ವಿ."

ನಾಜೂಕಯ್ಯ ಕಪ್ಪು ಬಣ್ಣದ ಬಟ್ಟಲಿಗೆ ಬ್ರಷ್ ಅದ್ದಿದ.

"ಕಪ್ಪು ಬೇಡ," ಎಂದರು ಬೀಗರು. "ಕಿವಿ ಹತ್ರ ಸ್ವಲ್ಪ ಬಿಟ್ಟುಹೋಗಿದೆ, ಅಲ್ಲಿಗೂ ಈ ಕೆಂಪನ್ನೇ ಹಚ್ಚಿ. ಮದುವೆ ದಿನದವರೆಗೂ ಮಾಸಬಾರದು ನೋಡಿ."