ಬುದ್ಧಿ ಬರುವ ವಯಸ್ಸು

ಮಕ್ಕಳಿಗೆ ಧರ್ಮೋಪದೇಶ ಹೇಳಿಕೊಡುವ ಕೆಲಸದಲ್ಲಿ ನಮ್ಮ ಧರ್ಮಕೇಂದ್ರಕ್ಕೆ ಮೊದಲಿನಿಂದಲೂ ಒಳ್ಳೆಯ ಹೆಸರಿದೆ. ಉತ್ತರಗಳನ್ನು ಬಾಯಿಪಾಠ ಮಾಡಿಸುವುದರಲ್ಲಿ ಪಳಗಿದ ಹಿರಿಯರು ಇಲ್ಲಿ ಬಹಳ ಮಂದಿ ಆಗಿಹೋಗಿದ್ದಾರೆ; ಅವರ ಶಿಷ್ಯರು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹತ್ತು ಕಟ್ಟಳೆಗಳನ್ನು ತಪ್ಪಿಲ್ಲದೆ ಒಪ್ಪಿಸುತ್ತಾರೆ, ಎದ್ದ ಮೇಲೆ ಪಾಲಿಸುವುದು ಅವರವರಿಗೆ ಬಿಟ್ಟದ್ದು. ಆದರೆ ಹೇಳಿದ್ದಕ್ಕೆಲ್ಲ ತಲೆಯಾಡಿಸುವ ಮಗುವನ್ನು ಕಂಡು ಚಿಂತೆಗೆ ಬೀಳುತ್ತಿದ್ದ ಉಪದೇಶಿ ಒಬ್ಬರೇ. ಮೂರು ದಶಕಗಳಿಗೂ ಮಿಕ್ಕ ಸೇವೆಯ ನಂತರ ಭಾನುವಾರದ ತರಗತಿಯಿಂದ ನಿವೃತ್ತರಾಗುತ್ತಿರುವ, ಚಿಕ್ಕವರಿಗೂ ದೊಡ್ಡವರಿಗೂ ‘ಬುದ್ಧಿ ಟೀಚರ್’ ಎಂದೇ ಪರಿಚಿತರಾದ ನಮ್ಮ ಮಾನ್ಯ ಟೀಚರ್ ಅವರು.

ಈ ಸೇವೆಗೆ ಅವರು ಬಂದದ್ದು ದೈವಪ್ರೇರಣೆಯಿಂದ ಎಂದು ಬರೆದಿದ್ದರೆ ಓದಲು ಚೆನ್ನಾಗಿರುತ್ತಿತ್ತು. ನಿಜವಾಗಿ ಬಂದದ್ದು ಒಂದು ಕೊಡೆಯಿಂದ. ಒಂದು ಭಾನುವಾರ ಚರ್ಚಿನಲ್ಲಿ ಬಲಿಪೂಜೆಯ ಕೊನೆಗೆ ಗುರುಗಳು, ಮೊದಲ ಪರಮಪ್ರಸಾದಕ್ಕೆ ಮಕ್ಕಳನ್ನು ಸಿದ್ಧಪಡಿಸಲು ಮನಸ್ಸಿದ್ದವರು ಎದ್ದು ನಿಲ್ಲಬೇಕೆಂದು ಕೇಳಿದಾಗ ಸಭೆಗೆ ಸಭೆಯೇ ತಲೆ ತಗ್ಗಿಸಿ ತಂತಮ್ಮ ಚಪ್ಪಲಿ ನೋಡಿಕೊಳ್ಳತೊಡಗಿತು. ಬೆಂಚಿನ ಕೆಳಗೆ ಜಾರಿದ್ದ ಕೊಡೆಗಾಗಿ ಬಗ್ಗಿದ್ದ ಟೀಚರ್ ಮಾತ್ರ, ಅದು ಸಿಕ್ಕಿದ ಸಂತೋಷದಲ್ಲಿ ನೆಟ್ಟಗೆ ಎದ್ದು ನಿಂತರು. ಗುರುಗಳು ಆಶೀರ್ವದಿಸಿದರು, ಸಭೆ ಚಪ್ಪಾಳೆ ತಟ್ಟಿತು, ಕೊಡೆಯ ವಿಷಯ ಹೇಳಲು ಸಮಯ ಸಿಗಲಿಲ್ಲ.

ವಾರದ ಉಳಿದ ದಿನಗಳಲ್ಲಿ ಅವರು ಕನ್ನಡಕದ ಅಂಗಡಿಯೊಂದರಲ್ಲಿ ಕಣ್ಣು ಪರೀಕ್ಷೆ ಮಾಡುತ್ತಿದ್ದರು. ಸರದಿಗಾಗಿ ಕಾದು ಕುಳಿತವರಲ್ಲಿ ಕೆಲವರು, ಮುಂದಿನವರು ಓದುವುದನ್ನು ಕೇಳಿಸಿಕೊಂಡು, ಗೋಡೆಯ ಫಲಕದ ಕೊನೆಯ ಸಾಲನ್ನು ಬಾಯಿಪಾಠ ಮಾಡಿಕೊಂಡೇ ಕುರ್ಚಿಗೆ ಬರುತ್ತಿದ್ದರು. ತಮಗೆ ಕನ್ನಡಕ ಬೇಡವೆಂಬ ಜಂಭ. ಗಡಗಡನೆ ಒಪ್ಪಿಸಿ, ಎದ್ದು ಹೋಗುವಾಗ ಬಾಗಿಲೆಂದು ತಿಳಿದು ಕನ್ನಡಿಗೆ ಹಣೆ ಬಡಿದುಕೊಳ್ಳುತ್ತಿದ್ದರು. ಒಪ್ಪಿಸುವುದೇ ಬೇರೆ, ಕಾಣುವುದೇ ಬೇರೆ ಎಂಬುದನ್ನು ಟೀಚರ್ ಕಲಿತದ್ದು ಆ ಕೋಣೆಯಲ್ಲಿ.

ಏಳು ವರ್ಷ ತುಂಬಿದ ಮಗುವಿಗೆ ಬುದ್ಧಿ ಬಂದಿರುತ್ತದೆ, ಆದ್ದರಿಂದ ಅದು ಪರಮಪ್ರಸಾದ ಸ್ವೀಕರಿಸಬಹುದು ಎಂಬುದು ನಮ್ಮ ಧರ್ಮಸಭೆಯ ಎಣಿಕೆ. ಬುದ್ಧಿ ದೇವರು ಕೊಟ್ಟ ವರ, ಮನುಷ್ಯ ದೇವರ ಹೋಲಿಕೆಯಲ್ಲಿ ಹುಟ್ಟಿದ್ದಾನೆ ಎಂಬುದಕ್ಕೆ ಅದೊಂದು ಗುರುತು, ಎಂದೂ ಪಾಠದಲ್ಲಿದೆ. ಬಂದಿದೆಯೋ ಇಲ್ಲವೋ ನೋಡುವುದು ಹೇಗೆಂದು ಮಾತ್ರ ಪಾಠದಲ್ಲಿಲ್ಲ. ಟೀಚರ್ ಅದಕ್ಕೊಂದು ದಾರಿ ಕಂಡುಕೊಂಡರು. ಬೈಬಲಿನ ಜಲಪ್ರಳಯದ ಕಥೆ ಹೇಳುವಾಗ, ಪ್ರಾಣಿಗಳನ್ನು ಉಳಿಸಲು ಕಟ್ಟಿದ ನಾವೆಯೊಳಗೆ ಆನೆಗೆ ಎಷ್ಟು ಜಾಗ, ಜಿರಾಫೆಗೆ ಎಷ್ಟು ಎತ್ತರ ಎಂದೆಲ್ಲ ವರ್ಣಿಸುತ್ತ, ಮುಖದಲ್ಲಿ ಒಂದು ಗೆರೆಯೂ ಬದಲಾಗದಂತೆ, “ಪಾಪ, ಮೀನುಗಳು ಮುಳುಗಿ ಸಾಯಬಾರದಲ್ಲ, ಅವಕ್ಕೆ ಒಂದು ದೊಡ್ಡ ತೊಟ್ಟಿ ಇಟ್ಟಿದ್ರು” ಎಂದು ಸೇರಿಸಿಬಿಡುತ್ತಿದ್ದರು. ತರಗತಿ ತಲೆಯಾಡಿಸುತ್ತಿತ್ತು. ಟೀಚರ್ ಕಾಯುತ್ತಿದ್ದರು. ಕೆಲವು ವಾರ ಕಳೆದ ಮೇಲೆ ಯಾವುದೋ ಮಗು ಪೆನ್ಸಿಲ್ ಕಚ್ಚುತ್ತ, “ಟೀಚರ್, ನೀರು ಬಂದ್ರೆ ಮೀನಿಗೇನು ಕಷ್ಟ?” ಎಂದು ಕೇಳುತ್ತಿತ್ತು.

“ಬಂತು” ಎನ್ನುತ್ತಿದ್ದರು ಟೀಚರ್. ಬಂದದ್ದು ಬುದ್ಧಿ.

ತರಗತಿಯಲ್ಲಿ ಸುಳ್ಳು ಕಲಿಸುತ್ತಾರೆಂದು ಕೆಲವು ತಂದೆತಾಯಂದಿರು ದೂರು ಕೊಟ್ಟದ್ದೂ ಉಂಟು. ಗುರುಗಳು ವಿಚಾರಿಸಿ, ಮನಸಾರೆ ನಕ್ಕು, ಮುಂದಿನ ಭಾನುವಾರದ ಪ್ರವಚನದಲ್ಲಿ ಅದಕ್ಕೇ ಉತ್ತರ ಕೊಟ್ಟರು: ನಂಬಿಕೆಯನ್ನೂ ಬುದ್ಧಿಯನ್ನೂ ಕೊಟ್ಟ ಕೈ ಒಂದೇ, ಅವೆರಡೂ ಜಗಳವಾಡುತ್ತಿರುವಂತೆ ಕಂಡರೆ ನಾವು ಯಾವುದೋ ಒಂದರ ಮಾತನ್ನು ಸರಿಯಾಗಿ ಕೇಳಿಸಿಕೊಂಡಿಲ್ಲ ಎಂದರ್ಥ. ಟೀಚರಿಗೆ ಈ ಮಾತು ಎಷ್ಟು ಹಿಡಿಸಿತೆಂದರೆ ಮುಂದೆ ಅದನ್ನು ತಮ್ಮದೇ ಎಂಬಂತೆ ಬಳಸಿಕೊಂಡರು.

ಅವರ ಉಪಕಾರಗಳು ಸದ್ದಿಲ್ಲದವು. ಮೊದಲ ಪಾಪನಿವೇದನೆಯ ದಿನ ಒಬ್ಬ ಪುಟ್ಟ ಹುಡುಗಿ, ಅಣ್ಣನಿಂದ ಕಲಿತ ಪಾಪಗಳ ಸರಮಾಲೆಯನ್ನು ಸಾಲಿನಲ್ಲಿ ನಿಂತೇ ಗಟ್ಟಿಯಾಗಿ ಅಭ್ಯಾಸ ಮಾಡುತ್ತಿದ್ದಳು. ಹೆಂಡತಿಯನ್ನು ಕಡೆಗಣಿಸಿದ್ದು ಅದರಲ್ಲಿ ಮೊದಲನೆಯದು.

“ನಿನಗೆ ಹೆಂಡತಿ ಇದ್ದಾಳಾ ಪುಟ್ಟಿ?”

“ಇಲ್ಲ ಟೀಚರ್. ಪಾಪ ಕಡಿಮೆ ಇದ್ರೆ ಫಾದರ್‌ಗೆ ಬೇಜಾರಾಗುತ್ತೆ ಅಂದ ಅಣ್ಣ.”

ಟೀಚರ್ ನಗಲಿಲ್ಲ. ಆ ಮಗುವನ್ನು ಪಕ್ಕಕ್ಕೆ ಕರೆದು, ಅದರದ್ದೇ ಆದ ಒಂದು ಪುಟ್ಟ ತಪ್ಪನ್ನು ಅದೇ ಹುಡುಕಿಕೊಳ್ಳುವ ತನಕ ಜೊತೆಯಲ್ಲಿ ಕುಳಿತರು.

ಇನ್ನು ಲಿಫ್ಟ್ ಮೆಕ್ಯಾನಿಕ್ ಪ್ರಸಂಗ. ಆಸ್ಪತ್ರೆಯ ಲಿಫ್ಟ್ ಕೆಟ್ಟು ನರ್ಸ್ ಒಬ್ಬಳು ಒಳಗೆ ಸಿಕ್ಕಿಕೊಂಡಾಗ, ರಿಪೇರಿಗೆ ಬಂದ ಈ ಮನುಷ್ಯ ಅವಳಿಗೆ ಧೈರ್ಯ ಹೇಳುತ್ತ ಹೊರಗಿನಿಂದ ಮಾತಿಗಿಳಿದ; ಬಾಗಿಲು ತೆರೆಯುವಷ್ಟರಲ್ಲಿ ಮದುವೆ ಅರ್ಧ ನಿಶ್ಚಯವಾಗಿತ್ತು. ಉಳಿದರ್ಧ ಹುಡುಗಿಯ ತಾಯಿಯ ಕೈಯಲ್ಲಿತ್ತು. ಆಕೆ ನಮ್ಮ ಗೀತಮಂಡಳಿಯ ಮುಂದಾಳು, ಎಲ್ಲರ ಬಾಯಲ್ಲಿ ‘ಹಾಡಿನಮ್ಮ’. ದೇವರ ಗೊಡವೆಗೇ ಹೋಗದ ಮನೆಯಲ್ಲಿ ಬೆಳೆದ ಹುಡುಗ ಮೊದಲು ಜ್ಞಾನಸ್ನಾನ ಪಡೆದು ಕ್ರೈಸ್ತನಾಗಬೇಕು, ಆಮೇಲೆ ಮದುವೆ ಎಂದು ಆಕೆ ಕಡ್ಡಿ ಮುರಿದಂತೆ ಹೇಳಿದರು. ಗುರುಗಳು ಅವನನ್ನು ಟೀಚರ್ ಬಳಿಗೆ ಕಳಿಸಿ, ಸಿದ್ಧನಾದಾಗ ತಿಳಿಸಿ ಎಂದರು. ಹೀಗೆ ಮೂವತ್ತು ದಾಟಿದ ಆಜಾನುಬಾಹು ಏಳು ವರ್ಷದವರ ಬೆಂಚಿನಲ್ಲಿ, ಮಂಡಿ ಗಲ್ಲಕ್ಕೆ ತಾಗುವಂತೆ, ಮುಂದಿನ ಹಲ್ಲು ಬಿದ್ದ ಹುಡುಗಿಯೊಬ್ಬಳ ಪಕ್ಕದಲ್ಲಿ ಕುಳಿತ.

ಕಲಿಯುವುದರಲ್ಲಿ ಅವನಷ್ಟು ವಿಧೇಯ ಶಿಷ್ಯ ಟೀಚರಿಗೆ ಸಿಕ್ಕಿರಲಿಲ್ಲ. ಅದೇ ಅವರಿಗೆ ಕಿರಿಕಿರಿ. ಮೀನಿನ ತೊಟ್ಟಿಯ ಮಾತು ಬಂದಾಗ ಅವನು ತಲೆಯಾಡಿಸಿದ್ದಷ್ಟೇ ಅಲ್ಲ, “ತೊಟ್ಟಿ ಭಾರ ತುಂಬಾ ಆಗುತ್ತೆ ಟೀಚರ್, ಕೆಳಗಡೆ ಕಬ್ಬಿಣದ ತೊಲೆ ಕೊಡಬೇಕಾಗುತ್ತೆ” ಎಂದು ಸೇರಿಸಿದ.

“ಅಂಕಲ್,” ಎಂದಳು ಹಲ್ಲಿಲ್ಲದವಳು, ಮರುಕದಿಂದ. “ಮೀನು ಈಜುತ್ತೆ.”

ವಾರಗಳು ಉರುಳಿದವು, ಟೀಚರ್ ‘ಸಿದ್ಧ’ ಎನ್ನಲಿಲ್ಲ. ಹಾಡಿನಮ್ಮ ನೇರವಾಗಿ ಕನ್ನಡಕದ ಅಂಗಡಿಗೇ ಬಂದು ಪರೀಕ್ಷೆಯ ಕುರ್ಚಿಯಲ್ಲಿ ಕುಳಿತರು.

“ಹಾಲ್ ಗೊತ್ತು ಮಾಡಿಯಾಗಿದೆ ಟೀಚರೇ. ಹುಡುಗನಲ್ಲಿ ಏನು ಕೊರತೆ?”

“ಏನೂ ಇಲ್ಲಕ್ಕ. ನಾನು ಹೇಳಿದ್ದಕ್ಕೆಲ್ಲ ತಲೆಯಾಡಿಸ್ತಾನೆ.”

“ಅಳಿಯ ಅಂದ್ಮೇಲೆ ತಲೆಯಾಡಿಸೋನೇ ಅಲ್ವಾ ಬೇಕಾಗಿರೋದು?”

“ನಿಮಗೆ ಅಳಿಯ ಬೇಕು. ದೇವರಿಗೆ ಅಳಿಯ ಬೇಕಿಲ್ಲವಲ್ಲ.”

“ಮಾತಲ್ಲಿ ನಿಮ್ಮನ್ನ ಗೆಲ್ಲೋಕಾಗಲ್ಲ ಬಿಡಿ. ಈ ತಿಂಗಳು ಜ್ಞಾನಸ್ನಾನ ಆಗ್ಲಿಲ್ಲ ಅಂದ್ರೆ ಈ ಸಂಬಂಧವೇ ಬೇಡ. ಆಮೇಲೆ ನನ್ನ ಮಗಳು ಅತ್ತರೆ ನಿಮ್ಮ ಮನೆ ಬಾಗಿಲಿಗೇ ಕಳಿಸ್ತೀನಿ.”

ಆ ದಿನವೆಲ್ಲ ಟೀಚರ್ ಇದನ್ನೇ ತೂಗಿ ನೋಡಿದರು. ಒಂದು ‘ಹೂಂ’ ಅಂದುಬಿಟ್ಟರೆ ಇಬ್ಬರ ಬಾಳು ನೆಟ್ಟಗಾಗುತ್ತದೆ, ಯಾರೂ ಕೇಳುವವರಿಲ್ಲ. ಆದರೆ ಆ ಹುಡುಗ ಕೊನೆಯ ಸಾಲನ್ನು ಕಂಡು ಓದುತ್ತಿದ್ದಾನೋ, ಬಾಯಿಪಾಠ ಒಪ್ಪಿಸುತ್ತಿದ್ದಾನೋ? ಭಾನುವಾರ ಅವನನ್ನು ತಡೆದು ನಿಲ್ಲಿಸಿ, “ಮುಂದಿನ ವಾರ ಒಂದು ಪ್ರಶ್ನೆ ತಗೊಂಡು ಬಾಪ್ಪ. ನಿನ್ನದೇ ಆಗಿರಬೇಕು” ಎಂದರು.

ಮುಂದಿನ ವಾರ ಅವನು, ದೇವದೂತರು ಹಲ್ಲುಜ್ಜುತ್ತಾರೆಯೇ ಎಂದು ಕೇಳಿದ. ಪಕ್ಕದವಳ ಬಾಯಲ್ಲಿ ಚಾಕೊಲೇಟ್ ಇದ್ದುದನ್ನು ಟೀಚರ್ ನೋಡಿದರು. “ಇದು ಕೊಂಡುಕೊಂಡ ಪ್ರಶ್ನೆ. ಹೋಗು” ಎಂದರು.

ಅದರ ಮುಂದಿನ ವಾರ ಮಕ್ಕಳೆಲ್ಲ ಹೋದ ಮೇಲೂ ಅವನು ಬೆಂಚು ಬಿಟ್ಟು ಏಳಲಿಲ್ಲ.

“ಟೀಚರ್, ನನಗೆ ನಂಬಿಕೆ ಬಂದಿದೆಯಾ, ಇಲ್ಲಾ ಅವಳು ಸಿಗಲಿ ಅಂತ ನಂಬಿದ ಹಾಗೆ ಮಾಡ್ತಿದ್ದೀನಾ? ಎಷ್ಟು ಯೋಚನೆ ಮಾಡಿದ್ರೂ ಬಗೆಹರೀತಿಲ್ಲ. ಹಾಗಿರೋವಾಗ ದೇವರ ಮುಂದೆ ನಿಂತು ನಂಬ್ತೀನಿ ಅಂದ್ರೆ ಸುಳ್ಳಾಗಲ್ವಾ?” ಮತ್ತೆ, “ಇದನ್ನ ಕೇಳಿದ್ರೆ ಮದುವೆ ನಿಂತುಹೋಗುತ್ತೆ ಅಂತ ಗೊತ್ತು” ಎಂದ.

“ಬಂತು” ಎಂದರು ಟೀಚರ್, ಮತ್ತು ಅಷ್ಟು ಹೊತ್ತು ನಿಂತೇ ಇದ್ದವರು ಅವನ ಪಕ್ಕದಲ್ಲಿ ಕುಳಿತರು.

“ಹಾಗಾದ್ರೆ ಜ್ಞಾನಸ್ನಾನ?”

“ಈಗ ಬೇಡ. ಸುಳ್ಳಾಗುತ್ತೆ ಅಂತ ನೀನೇ ಹೇಳ್ತಿದ್ದೀಯಲ್ಲ.”

“ಮದುವೆ?”

“ಧರ್ಮಾಧ್ಯಕ್ಷರು, ಅಂದ್ರೆ ಬಿಷಪ್, ಅನುಮತಿ ಕೊಟ್ರೆ ಜ್ಞಾನಸ್ನಾನ ಇಲ್ಲದೆನೂ ಚರ್ಚಲ್ಲೇ ಆಗುತ್ತೆ.”

ಅವನು ಬಾಯಿ ತೆರೆದು ನೋಡಿದ. “ಇದನ್ನ ಮೊದಲೇ ಹೇಳಬಹುದಿತ್ತಲ್ಲ ಟೀಚರ್?”

“ನೀನು ಕೇಳಲಿಲ್ಲ.”

ಹಾಡಿನಮ್ಮನನ್ನು ಒಪ್ಪಿಸುವುದು ಅಷ್ಟು ಸುಲಭವಿರಲಿಲ್ಲ. ಟೀಚರ್ ಹೇಳಿದರು, ಗುರುಗಳು ಹೇಳಿದರು. ಆಕೆ ಎರಡೂ ಸಲ ಸ್ವರ ಏರಿಸಿದರು. ಕೊನೆಗೆ ಮಗಳೇ, “ಅಮ್ಮ, ಸುಳ್ಳು ಹೇಳಿ ಬಂದ್ರೆ ಅಳಿಯ, ನಿಜ ಹೇಳಿದ್ರೆ ಹೊರಗಿನವನಾ?” ಎಂದು ಕೇಳಿದಳು. ಅವಳೂ ಟೀಚರ್ ತರಗತಿಯಲ್ಲಿ ಕಲಿತವಳೇ. ಈ ಸಲ ಹಾಡಿನಮ್ಮ ಸ್ವರ ಇಳಿಸಿ, “ಮದುವೆಗೆ ನಾನೇ ಹಾಡ್ತೀನಿ. ಆದ್ರೆ ಇವನು ತರಗತಿ ಬಿಡಬಾರದು” ಎಂದಷ್ಟೇ ಹೇಳಿದರು.

ಅನುಮತಿ ಬಂತು, ಮದುವೆಯಾಯಿತು, ಅವನು ತರಗತಿ ಬಿಡಲಿಲ್ಲ. ಬಿಟ್ಟಿದ್ದರೆ ಚೆನ್ನಾಗಿತ್ತೆಂದು ಟೀಚರಿಗೇ ಅನ್ನಿಸಿದ ಭಾನುವಾರಗಳಿದ್ದವು. ಒಮ್ಮೆ ಕೇಳಲು ಕಲಿತವನು ನಿಲ್ಲಿಸುವುದನ್ನು ಕಲಿಯಲೇ ಇಲ್ಲ: ಒಳ್ಳೆಯವರಿಗೆ ನೋವೇಕೆ, ಕೇಳಿದ್ದು ಕೊಡದ ದೇವರಲ್ಲಿ ಕೇಳುವುದೇಕೆ. ಟೀಚರ್ ಗುರುಗಳನ್ನು ಕೇಳುತ್ತಿದ್ದರು, ಗುರುಗಳು ಪುಸ್ತಕಗಳನ್ನು ತೆರೆಯುತ್ತಿದ್ದರು, ಕೆಲವು ಪ್ರಶ್ನೆಗಳನ್ನು ಮೂವರೂ ಸೇರಿ ಮುಂದಿನ ಭಾನುವಾರಕ್ಕೆ ಎತ್ತಿಟ್ಟದ್ದೂ ಇದೆ. ಹಲ್ಲಿಲ್ಲದವಳು ಹಲ್ಲು ಬಂದು ಪ್ರೌಢಶಾಲೆ ಮುಗಿಸಿದ ವರ್ಷ ಅವನು ತಾನಾಗಿಯೇ ಬಂದು ಜ್ಞಾನಸ್ನಾನ ಬೇಡಿದ.

ಅಂದು ಚರ್ಚು ತುಂಬಿತ್ತು. ವಿಧಿಯಂತೆ ಗುರುಗಳು, “ನಂಬುತ್ತೀಯಾ?” ಎಂದು ಕೇಳಿದರು. ಅವನು ಥಟ್ಟನೆ ಉತ್ತರ ಕೊಡಲಿಲ್ಲ. ಮೇಲೆ ಗೀತಮಂಡಳಿಯಲ್ಲಿ ಹಾಡಿನಮ್ಮ ಹಾಡಿನ ಹಾಳೆಯನ್ನು ಮುದುಡಿ ಉಂಡೆ ಮಾಡಿದರು.

“ನಂಬುತ್ತೇನೆ” ಎಂದ. ಆಮೇಲೆ ಸಣ್ಣ ದನಿಯಲ್ಲಿ, “ಕೇಳೋದು ಇನ್ನೂ ಇದೆ ಫಾದರ್.”

“ಇರಲಿ” ಎಂದು ಗುರುಗಳು ನೀರು ಸುರಿದರು.

ಇಂಥ ಟೀಚರ್ ಅವರಿಗೆ ದೇವರು ದೀರ್ಘಾಯುಸ್ಸನ್ನೂ, ಮೆಟ್ಟಿಲು ಹತ್ತಿಳಿಯಲು ಗಟ್ಟಿ ಮಂಡಿಗಳನ್ನೂ, ಮನೆಯ ತನಕ ಹುಡುಕಿಕೊಂಡು ಬರುವ ತಂಟೆಕೋರ ಶಿಷ್ಯರನ್ನೂ ಕೊಡಲಿ. ಈ ಬೀಳ್ಕೊಡುಗೆ ಸಂಪುಟದ ವಿಷಯ ತಿಳಿಸಿದಾಗ ಅವರು, “ಬರೆದಿದ್ದನ್ನೆಲ್ಲ ನಂಬಬೇಡಿ ಅಂತ ಕೊನೇಲಿ ಒಂದು ಸಾಲು ಹಾಕಿ” ಎಂದು ಕೇಳಿಕೊಂಡಿದ್ದರು. ಅವರ ಇಚ್ಛೆಯಂತೆ ಆ ಸಾಲನ್ನು ಹಾಕಿದ್ದೇವೆ. ನಂಬುವುದು ಬಿಡುವುದು, ದೇವರು ಓದುಗರಿಗೆ ಕೊಟ್ಟ ಬುದ್ಧಿಗೆ ಸೇರಿದ್ದು.