ಹೊಗೆಯಿಲ್ಲದ ಕೆಂಡ

ನನ್ನ ತಲೆನೋವಿಗೆ ಮನೆಯವರೆಲ್ಲ ಸೇರಿ ಕಂಡುಹಿಡಿದ ಕಾರಣ ರಸಾಯನಶಾಸ್ತ್ರ.

ಹೆರಿಗೆಯಾಗಿ ಎರಡು ವಾರ ಕಳೆದಿರಬೇಕು. ಬಿ.ಎಸ್ಸಿ. ಕೊನೆಯ ವರ್ಷದ ಪರೀಕ್ಷೆ ಬಸುರಿನ ಸಂಕಟದಲ್ಲಿ ತಪ್ಪಿಹೋಗಿತ್ತು. ಹಾಗಾಗಿ ಪುಸ್ತಕವನ್ನು ದಿಂಬಿನ ಪಕ್ಕ ಇಟ್ಟುಕೊಂಡು, ಮಗು ಮಲಗಿದಾಗ ಒಂದೆರಡು ಪುಟ ಓದುತ್ತಿದ್ದೆ. ಮಧ್ಯಾಹ್ನದಿಂದ ಹಣೆಯ ಎರಡೂ ಕಡೆ ಯಾರೋ ಹೆಬ್ಬೆರಳಿಟ್ಟು ಒತ್ತಿದ ಹಾಗೆ ನೋವು ಎಂದೆ. ಅಜ್ಜಿ ನನ್ನ ಹಣೆ ಮುಟ್ಟಿ ನೋಡಲಿಲ್ಲ, ಪುಸ್ತಕವನ್ನು ನೋಡಿದಳು.

“ಬಾಣಂತಿ ಅಕ್ಷರ ನೋಡಿದ್ರೆ ನರ ಸೋಲ್ತವೆ ಕಣೇ. ತಲೆ ನೋಯ್ದೆ ಇನ್ನೇನು ಹಾಡು ಹೇಳ್ತದಾ?”

ಪುಸ್ತಕ ಹೋಯಿತು. ಅದರ ಹಿಂದೆಯೇ ಮೊಬೈಲೂ ಹೋಯಿತು. ಎರಡೂ ಹಿತ್ತಿಲ ಶೆಡ್ಡಿನ ಅಟ್ಟ ಸೇರಿದವು ಎಂದಳು ಅವ್ವ. ಆ ಅಟ್ಟದ ಮೇಲೆ ತೆಂಗಿನಕಾಯಿ ತಿಂಗಳುಗಟ್ಟಲೆ ಒಣಗಿ ಉಂಡೆ ಕೊಬ್ಬರಿಯಾಗುತ್ತದೆ. “ನಿನ್ನ ಓದೂ ಅಲ್ಲೇ ಒಣಗ್ಲಿ ಬುಡು, ಬಾಣಂತನ ಮುಗುದ್ಮೇಲೆ ಇಳಿಸಾನ,” ಅಂದಳು ಅಜ್ಜಿ. ನಾನೂ ನಕ್ಕೆ. ನಕ್ಕರೆ ತಲೆ ಇನ್ನಷ್ಟು ಸಿಡಿಯಿತು.

ಈ ಅಜ್ಜಿ ನನ್ನ ಅಪ್ಪನ ತಾಯಿ. ನನಗೆ ಮಾತು ಬಂದದ್ದೇ ಅವಳಿಂದ. ಅವ್ವ ತೋಟಕ್ಕೆ ಹೋದರೆ ನಾನು ಅವಳ ಮಡಿಲಿನಲ್ಲಿರುತ್ತಿದ್ದೆ. ಅವಳು ಅಕ್ಕಿ ಆರಿಸುತ್ತಾ ಹೇಳಿದ ಕತೆಗಳಲ್ಲಿ ಕಲ್ಲಿಗೂ ಸಿಟ್ಟು ಬರುತ್ತಿತ್ತು, ಗಾಳಿಗೂ ಹಸಿವಾಗುತ್ತಿತ್ತು. ಮುಂದೆ ನಾನು ತಿಪಟೂರಿನ ಕಾಲೇಜಿಗೆ ಹೋಗಿಬರುತ್ತಾ, ಸಂಜೆ ಊರಿನ ಮಕ್ಕಳಿಗೆ ಟ್ಯೂಷನ್ ಹೇಳುವಾಗ ಪರಮಾಣುಗಳನ್ನೂ ಅದೇ ಧಾಟಿಯಲ್ಲಿ ಹೇಳುತ್ತಿದ್ದೆ. ಇಂಗಾಲಕ್ಕೆ ನಾಲ್ಕು ಕೈ. ಆಮ್ಲಜನಕಕ್ಕೆ ಎರಡು. ಜಲಜನಕ ಪಾಪದ್ದು, ಒಂದೇ ಕೈ. ಕೈ ಖಾಲಿ ಇಟ್ಟುಕೊಂಡು ಕೂರುವುದು ಇವರಲ್ಲಿ ಯಾರಿಗೂ ಆಗದು. ಕೈ ಕೈ ಹಿಡಿದು ನಿಂತರೆ ಅದು ಸಂಯುಕ್ತ. ಹಿಡಿದ ಕೈ ಬಿಟ್ಟು ಬೇರೆಯವರ ಕೈ ಹಿಡಿದರೆ ಅದು ಕ್ರಿಯೆ. ಇದು ಪೂರ್ತಿ ಸರಿಯಾದ ಚಿತ್ರವಲ್ಲ, ಮಕ್ಕಳಿಗೆ ಹೇಳುವ ಚಿತ್ರ. ಜಗಲಿಯ ಮೂಲೆಯಲ್ಲಿ ಕೂತ ಅಜ್ಜಿ ಮಕ್ಕಳಿಗಿಂತ ಮೊದಲು “ಹೂಂ, ಆಮೇಲೆ?” ಅನ್ನುತ್ತಿದ್ದಳು.

ಹೆರಿಗೆಗೆ ತವರಿಗೆ, ಅಂದರೆ ಹಂದನಕೆರೆ ಕಡೆಯ ನಮ್ಮ ಊರಿಗೆ ಬಂದಾಗ ಮನೆ ಹೊಸದಾಗಿತ್ತು. ಹೆಂಚಿನ ಮನೆ ಕೆಡವಿ ಅಪ್ಪ ಸಿಮೆಂಟಿನ ಮೋಲ್ಡ್ ಹಾಕಿಸಿದ್ದ. ನುಣುಪಾದ ನೆಲ, ಗಾಜಿನ ಕಿಟಕಿ. ಬಾಣಂತಿ ಕೋಣೆ ಮಾತ್ರ ಅಜ್ಜಿಯ ಹಳೆಯ ಲೆಕ್ಕದಂತೆಯೇ ಸಿದ್ಧವಾಯಿತು. ಕಿಟಕಿಯ ಸಂದಿಗಳಿಗೆಲ್ಲ ಹಳೆಯ ಸೀರೆ ತುರುಕಿದರು, ಅದರ ಮೇಲೆ ಕೊಬ್ಬರಿಯ ಗೋಣಿಚೀಲ ಕಟ್ಟಿದರು, ಬಾಗಿಲ ಕೆಳಗೆ ಇನ್ನೊಂದು ಗೋಣಿ ಸುತ್ತಿ ಇಟ್ಟರು. ನನ್ನ ಕಿವಿಗೆ ಹತ್ತಿ, ತಲೆಗೆ ಬಟ್ಟೆ. ಮಂಚದ ಪಕ್ಕ ಕೆಂಡ ತುಂಬಿದ ಕಬ್ಬಿಣದ ಬಾಣಲೆ.

ಆ ಕೆಂಡದ ಬಗ್ಗೆ ಅಜ್ಜಿಗೆ ಜಂಬವಿತ್ತು. ಕೊಬ್ಬರಿ ತೆಗೆದು ಉಳಿದ ಚಿಪ್ಪುಗಳನ್ನೇ ಅಂಗಳದಲ್ಲಿ ಒಟ್ಟಿ ಹಚ್ಚುವಳು. ಮೊದಲು ಹೊಗೆ, ಆಮೇಲೆ ದೊಡ್ಡ ಉರಿ, ಕೊನೆಗೆ ಕೆಂಪು ಕೆಂಡದ ಮೇಲೆ ಪುಟ್ಟ ಪುಟ್ಟ ನೀಲಿ ನಾಲಿಗೆಗಳು. ಅಲ್ಲಿಯವರೆಗೂ ಕಾಯುವಳು. ಒಂದೇ ಒಂದು ಚಿಪ್ಪು ಹೊಗೆಯಾಡಿದರೂ ಇಕ್ಕಳದಿಂದ ತೆಗೆದು ಆಚೆಗೆ ಎಸೆಯುವಳು. “ಹೊಗೆ ಕೂಸಿನ ಕಣ್ಣಿಗೆ ಆಗಲ್ಲ. ನಾನು ತರೋದು ನಿರ್ಮಲವಾದ ಕೆಂಡ ಕಣವ್ವ.” ಒಳಗೆ ತಂದು, ಬೇಗ ಆರದಿರಲಿ ಎಂದು ಮೇಲೆ ತೆಳ್ಳಗೆ ಬೂದಿ ಉದುರಿಸುವಳು. ಇದೇ ಕೆಂಡದ ಪಕ್ಕ ಅವಳು ಆರು ಮಕ್ಕಳನ್ನು ಹೆತ್ತು ಸಾಕಿದ್ದಳು.

ಮಗು ಅಳುವುದು ಕಡಿಮೆಯಾಯಿತು. ನೋಡಲು ಬಂದವರೆಲ್ಲ ಹೊಗಳಿದರು. “ಎಂಥ ಸಾಧು ಕೂಸು, ಐತೋ ಇಲ್ವೋ ಅನ್ನಂಗೈತೆ,” ಎಂದಳು ಪಕ್ಕದ ಮನೆಯ ಚಿಕ್ಕಮ್ಮ. ಆ ಮಾತು ಇವತ್ತಿಗೂ ನನ್ನ ಬೆನ್ನಿನಲ್ಲಿ ತಣ್ಣಗೆ ಇಳಿಯುತ್ತದೆ.

ದಿನಾ ಬೆಳಿಗ್ಗೆ ನಮ್ಮಿಬ್ಬರನ್ನೂ ಬಚ್ಚಲಿಗೆ ಕರೆದೊಯ್ದು ಹಂಡೆಯ ಬಿಸಿನೀರು ಎರೆಯುತ್ತಿದ್ದರು. ಮಗು ಅಜ್ಜಿಯ ಕಾಲ ಮೇಲೆ ಮಲಗಿ ಬಾಯಿಬಿಟ್ಟು ಅಳುತ್ತಿತ್ತು, ನನ್ನ ತಲೆ ಹಗುರಾಗುತ್ತಿತ್ತು. “ನೀರು ಬಿದ್ರೆ ಎಲ್ಲಾ ಸರಿಹೋಯ್ತದೆ,” ಎನ್ನುವಳು ಅಜ್ಜಿ. ಕೋಣೆಗೆ ಮರಳಿದರೆ ಮಧ್ಯಾಹ್ನದೊಳಗೆ ಹಣೆಯ ಮೇಲೆ ಮತ್ತೆ ಆ ಹೆಬ್ಬೆರಳುಗಳು.

ಆ ವಾರ ಜಡಿಮಳೆ ಹಿಡಿಯಿತು. ತೆಂಗಿನ ಗರಿಗಳಿಂದ ಇಡೀ ದಿನ ನೀರು ತೊಟ್ಟಿಕ್ಕುತ್ತಿತ್ತು, ಚಳಿಗಾಳಿ ಬೇರೆ. ಶೀತ ಆಗುತ್ತದೆಂದು ನೀರೆರೆಯುವುದನ್ನು ನಿಲ್ಲಿಸಿದರು. ಮಗುವಿನ ಬಟ್ಟೆ ಆಚೆ ಒಣಗದೆ ನಮ್ಮ ಕೋಣೆಯಲ್ಲೇ ಹಗ್ಗ ಕಟ್ಟಿ ಹರವಿದರು, ಅದಕ್ಕಾಗಿ ಕೆಂಡವನ್ನೂ ಹೆಚ್ಚಿಸಿದರು. ಮರುದಿನ ಮಧ್ಯಾಹ್ನ ನನಗೆ ವಾಂತಿಯಾಯಿತು. ಮಗುವಿಗೆ ಹಾಲು ಕೊಡಲು ಎತ್ತಿಕೊಂಡೆ. ಅದು ಬಾಯಿ ತೆರೆಯಲಿಲ್ಲ. ಅಂಗಾಲು ಚಿವುಟಿದೆ, ಕಾಲನ್ನು ತುಸುವೇ ಎಳೆದುಕೊಂಡು ಸುಮ್ಮನಾಯಿತು.

ಆಗ ಬಚ್ಚಲು ನೆನಪಾಯಿತು. ಅಲ್ಲಿಗೆ ಹೋದರೆ ಅಳುವ ಮಗು, ಇಲ್ಲಿಗೆ ಬಂದರೆ ಅಳುವುದಿಲ್ಲ. ನನ್ನ ನೋವೂ ಹಾಗೆಯೇ. ನಮ್ಮನ್ನು ಸರಿಮಾಡುತ್ತಿದ್ದುದು ನೀರಲ್ಲ, ಈ ಕೋಣೆಯಿಂದ ಹೊರಗೆ ಹೋಗುವುದು. ಅಟ್ಟಕ್ಕೆ ಹೋದ ಪುಸ್ತಕದ ಪುಟ ಕಣ್ಣೆದುರು ಬಂತು: ಇಂಗಾಲ ಸಾಕಷ್ಟು ಗಾಳಿಯಲ್ಲಿ ಉರಿದರೆ ಒಂದು ಅನಿಲ, ಗಾಳಿ ಸಾಲದೆ ಉರಿದರೆ ಇನ್ನೊಂದು, ವಿಷದ್ದು. ಅಂಗಳದ ಆ ನೀಲಿ ನಾಲಿಗೆಗಳು ಆ ಎರಡನೆಯ ಅನಿಲವೇ. ಅಲ್ಲಿ ಉರಿದು ತೀರಿಹೋಗುತ್ತಿತ್ತು. ಇಲ್ಲಿ ಬೂದಿಯ ಕೆಳಗಿನಿಂದ ಉರಿಯದೆ, ಸದ್ದಿಲ್ಲದೆ ಹೊರಡುತ್ತಿತ್ತು.

ಕೂಗಿದೆ. ಅಜ್ಜಿ ಮತ್ತು ಅವ್ವ ಬಂದರು.

“ಅಜ್ಜಿ, ಈ ಕೆಂಡ ಆಚೆಗೆ ತಗೊಂಡೋಗು. ಕಿಟಕಿ ತೆಗಿ.”

“ಆಚೆ ಗಾಳಿ ನೋಡಿದ್ಯಾ? ಒಂದ್ಸಲ ಮೈಗೆ ಹೊಕ್ರೆ ಸಾಯೋಗಂಟ ಸೊಂಟ ಹಿಡ್ಕಳ್ತದೆ.”

“ಮಗು ಹಾಲು ಕುಡೀತಿಲ್ಲ.”

“ಮಲಗ್ಲಿ ಬುಡು. ಮಲಗಿದಷ್ಟೂ ಬೆಳೀತದೆ.”

“ಈ ಕೆಂಡದಲ್ಲಿ ವಿಷ ಐತೆ ಅಜ್ಜಿ.”

ಅಜ್ಜಿ ಬಗ್ಗಿ ಬಾಣಲೆ ನೋಡಿದಳು. ಅವಳಿಗೆ ನೋವಾಗಿತ್ತು. “ಒಂದೆಳೆ ಹೊಗೆ ಐತಾ ತೋರ್ಸು.”

“ಹೊಗೆ ಇಲ್ಲ. ಅದು ಕಾಣಲ್ಲ. ವಾಸನೇನೂ ಇಲ್ಲ.”

“ಕಾಣಲ್ಲ. ವಾಸನೆ ಇಲ್ಲ.” ಅಜ್ಜಿ ಅವ್ವನ ಮುಖ ನೋಡಿದಳು.

ಅವಳಿಗೆ ಗೊತ್ತಿರುವ ಕತೆಯನ್ನೇ ಹೇಳೋಣ ಎಂದುಕೊಂಡೆ. “ಇಂಗಾಲಕ್ಕೆ ನಾಲ್ಕು ಕೈ ಅಲ್ವಾ ಅಜ್ಜಿ? ಗಾಳಿ ಆಡ್ತಿದ್ರೆ ಎರಡು ಆಮ್ಲಜನಕ ಬಂದು ನಾಲ್ಕೂ ಕೈ ತುಂಬ್ತವೆ. ಇಲ್ಲಿ ಒಂದೇ ಸಿಕ್ಕೈತೆ. ಎರಡು ಕೈ ಖಾಲಿ. ಆ ಖಾಲಿ ಕೈ ರಕ್ತದೊಳಗಿನ ಕಬ್ಬಿಣ ಹಿಡ್ಕಂಡು ಬಿಡೋದೇ ಇಲ್ಲ. ಕೂಸಿನ ರಕ್ತ ಹಿಡ್ಕಂಡೈತೆ ಅಜ್ಜಿ.”

ನನ್ನ ನಾಲಿಗೆ ತೊದಲುತ್ತಿತ್ತು. ಆಡಿದ ಮಾತು ನನ್ನ ಕಿವಿಗೇ ಬಿದ್ದಾಗ, ಅವರಿಗೆ ಅದು ಹೇಗೆ ಕೇಳಿಸಿರಬಹುದು ಎಂದು ಹೊಳೆಯಿತು. ಅಜ್ಜಿ “ಆಮೇಲೆ?” ಅನ್ನಲಿಲ್ಲ. ಅವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. “ಅತ್ತೆ, ಇವ್ಳ ಮಾತು ಕೇಳಿದ್ರಾ. ಖಾಲಿ ಕೈ ಅಂತೆ, ರಕ್ತ ಹಿಡೀತದಂತೆ.”

“ಸನ್ನಿ,” ಅಂದಳು ಅಜ್ಜಿ ಮೆಲ್ಲಗೆ. “ಶೀತ ನೆತ್ತಿಗೇರಿ ಬಡಬಡಿಸ್ತಾ ಅವ್ಳೆ. ನಡಿ, ಇನ್ನೊಂದು ಬಾಣಲೆ ಕೆಂಡ ತರಾನ.”

ಇಬ್ಬರೂ ಹೊರಗೆ ಹೋದರು. ಬಾಗಿಲು ಮುಚ್ಚಿಕೊಂಡಿತು. ಅತ್ತ ಕಡೆಯಿಂದ ಅವ್ವ ಸಂದಿಗೆ ಗೋಣಿ ಒತ್ತುವ ಸದ್ದೂ ಕೇಳಿತು.

ನಿಜ ಹೇಳಿದಷ್ಟೂ ಕೆಂಡ ಹೆಚ್ಚಾಗುತ್ತದೆ. ಇನ್ನು ಹೇಳಿ ಉಪಯೋಗವಿಲ್ಲ ಎಂಬುದಷ್ಟೇ ನನಗೆ ತಿಳಿಯಿತು. ಮಗುವನ್ನು ಮಂಚದ ಮೇಲೆ ಮಲಗಿಸಿ ಕಿಟಕಿಯ ಕಡೆ ಹೋಗಲು ಎದ್ದೆ. ಕಾಲುಗಳು ನನ್ನವಾಗಿರಲಿಲ್ಲ, ನೆಲಕ್ಕೆ ಕುಸಿದೆ. ಮಂಚದ ಮೇಲಿನ ಮಗು ನನಗೆ ಎಟುಕುತ್ತಿರಲಿಲ್ಲ. ಎಟುಕಿದ್ದು ಹಗ್ಗದಿಂದ ಇಳಿಬಿದ್ದಿದ್ದ ಅದರ ಒದ್ದೆ ಬಟ್ಟೆಗಳು ಮಾತ್ರ. ಅಜ್ಜಿ ಹೆದರುವುದು ಯಾವುದಕ್ಕೆ ಎಂದು ಯೋಚಿಸಿದೆ. ಹೊಗೆಗೆ. ಕಣ್ಣಿಗೆ ಕಾಣುವ ಹೊಗೆಗೆ ಮಾತ್ರ.

ಹಗ್ಗವನ್ನು ಎಳೆದೆ. ಬಟ್ಟೆಗಳು ನನ್ನ ಮೇಲೆ ಬಿದ್ದವು. ಒಂದನ್ನು ಉಂಡೆ ಮಾಡಿ ಕೆಂಡದ ಮೇಲೆ ಎಸೆದೆ, ಅದರ ಮೇಲೆ ಇನ್ನೊಂದು. ಚುಂಯ್ ಎಂದು ಬೂದಿ ಹಾರಿತು. ಸ್ವಲ್ಪ ಹೊತ್ತು ಆವಿ, ಆಮೇಲೆ ಸುಟ್ಟ ಬಟ್ಟೆಯ ದಟ್ಟ ಬಿಳಿ ಹೊಗೆ. ನನ್ನ ಕಣ್ಣು ಉರಿದು ನೀರು ಸುರಿಯಿತು. ಅಷ್ಟು ಕೆಟ್ಟ ಹೊಗೆಯನ್ನು ಅಷ್ಟು ಆಸೆಯಿಂದ ನಾನು ಯಾವತ್ತೂ ನೋಡಿದವಳಲ್ಲ. ಬಾಗಿಲ ಮೇಲಿನ ಸಂದಿಯಿಂದ ಅದು ಆಚೆ ಹೋಗಲಿ ಎಂದು ಕಾದೆ.

“ಹೊಗೆ ಕಣೇ. ಒಳಗೆ ಹೊಗೆ,” ಅಜ್ಜಿಯ ದನಿ. ಬಾಗಿಲು ದಡಾರನೆ ತೆರೆಯಿತು. ನನ್ನನ್ನು ದಾಟಿಕೊಂಡೇ ಹೋಗಿ ಮಗುವನ್ನು ಎತ್ತಿ ಎದೆಗವಚಿಕೊಂಡು ಜಗಲಿಗೆ ಓಡಿದಳು. ಅವ್ವ ಬಾಣಲೆಯನ್ನು ಅಂಗಳಕ್ಕೆ ದೂಡಿ, ನನ್ನ ತೋಳು ಹಿಡಿದು ಎಳೆದಳು.

ಜಗಲಿಯಲ್ಲಿ ಮಳೆಯ ಎರಚಲು ಬೀಸುತ್ತಿತ್ತು. ಅಜ್ಜಿ ಮಗುವಿನ ಮುಖ ನೋಡಿದಳು, ಬೆನ್ನು ತಟ್ಟಿದಳು, ಕೆನ್ನೆ ತಟ್ಟಿದಳು. ಕತ್ತು ಅವಳ ಮೊಣಕೈ ಮೇಲೆ ಬಾಡಿದ ಎಲೆಯಂತೆ ಜೋತುಬಿದ್ದಿತ್ತು. ಉಸಿರಿತ್ತು. ಅಳು ಇರಲಿಲ್ಲ. ಇಷ್ಟು ಚಳಿ ತಗುಲಿದರೂ, ಇಷ್ಟು ಅಲುಗಿಸಿದರೂ ಅಳದ ಮಗುವನ್ನು ನೋಡಿದಾಗ ಅಜ್ಜಿಗೆ ಅರ್ಥವಾಯಿತು. ಕೈಗಳ ಕತೆಯಲ್ಲ, ನಾನು ಬಡಬಡಿಸುತ್ತಿರಲಿಲ್ಲ ಎಂಬುದು.

ಪಕ್ಕದ ಮನೆಯ ಚಿಕ್ಕಪ್ಪ ತೆಂಗಿನಕಾಯಿ ಸಾಗಿಸುವ ಗೂಡ್ಸ್ ಗಾಡಿ ತಂದ. “ಮುಂದೆ ಕೂತ್ಕಳ್ರಿ, ಗ್ಲಾಸ್ ಏರಿಸ್ತೀನಿ,” ಅಂದ. ಅವ್ವನ ಹೆಗಲು ಹಿಡಿದು ನಾನು ಹಿಂದುಗಡೆ ಹತ್ತಿದೆ, ತೆರೆದ ಗಾಡಿಗೆ, ಕಾಯಿಯ ನಾರಿನ ಮೇಲೆ. ಅವ್ವ ಏನೋ ಹೇಳಬಂದಳು. ಅಜ್ಜಿ ತಡೆದಳು. “ಅವ್ಳು ಹೇಳಿದಂಗೆ ಕೇಳು.” ಮಗುವನ್ನು ನನ್ನ ಮಡಿಲಿಗೆ ಕೊಟ್ಟು, ಕಂಬಳಿ ಹೊದ್ದು, ಆ ವಯಸ್ಸಿನಲ್ಲಿ ಚಕ್ರದ ಮೇಲೆ ಕಾಲಿಟ್ಟು ಅವಳೂ ಹತ್ತಿದಳು.

ತಿಪಟೂರಿನವರೆಗೂ ಗಾಳಿ. ಇಷ್ಟು ದಿನ ಯಾವ ಗಾಳಿಗೆ ಹೆದರಿ ಗೋಣಿ ಕಟ್ಟಿದ್ದರೋ ಅದೇ ಗಾಳಿಗೆ ಮಗುವಿನ ಮುಖವನ್ನು ಒಡ್ಡಿಕೊಂಡು ಕೂತಿದ್ದೆ. ಮಳೆ ಮಾತ್ರ ಬೀಳದ ಹಾಗೆ ಅಜ್ಜಿ ಕಂಬಳಿಯನ್ನು ಎರಡೂ ಕೈಯಲ್ಲಿ ಚಾಚಿ ಹಿಡಿದಿದ್ದಳು. ಪ್ರತಿ ತಿರುವಿನಲ್ಲೂ ಮೂಗಿನ ಹತ್ತಿರ ಬೆರಳಿಟ್ಟು ನೋಡುತ್ತಿದ್ದೆ. ಅಳು, ಒಂದೇ ಸಲ ಅಳು ಎಂದು ಕೇಳಿಕೊಂಡೆ. ಮಗು ಅಳಲಿಲ್ಲ. ದಾರಿಯುದ್ದಕ್ಕೂ ತೆಂಗಿನ ಮರಗಳು ಹಿಂದಕ್ಕೆ ಹೋಗುತ್ತಿದ್ದವು, ಮುಗಿಯುತ್ತಲೇ ಇರಲಿಲ್ಲ.

ಆಸ್ಪತ್ರೆಯಲ್ಲಿ ಕೆಂಡದ ವಿಷಯ ಹೇಳಿದ ಕೂಡಲೇ ಡಾಕ್ಟರಮ್ಮ ಮಗುವಿಗೂ ನನಗೂ ಆಮ್ಲಜನಕ ಹಾಕಿದರು. ರಕ್ತ ಹಿಡಿದು ಕೂತ ಆ ಕೈಯನ್ನು ಬಿಡಿಸಬೇಕಾದರೆ ಆಮ್ಲಜನಕವೇ ಗುಂಪುಗುಂಪಾಗಿ ಬಂದು ದಬ್ಬಬೇಕು. ಅದಕ್ಕೆ ಹೊತ್ತು ಹಿಡಿಯುತ್ತದೆ. ಆ ಹೊತ್ತನ್ನು ಏನೂ ಮಾಡಲಾಗದೆ ಕಾಯುವುದಿದೆಯಲ್ಲ, ಅದಕ್ಕೆ ಸಮೀಕರಣವಿಲ್ಲ. ಕತ್ತಲಾಗುವ ಹೊತ್ತಿಗೆ ಮಗು ಒಮ್ಮೆ ಕೀರಲು ದನಿಯಲ್ಲಿ ಅತ್ತಿತು. ಬೆಕ್ಕಿನ ಮರಿಯ ಹಾಗೆ.

“ಮನೆ ಹೆಂಚಿಂದಾ ಅಜ್ಜಿ?” ಡಾಕ್ಟರಮ್ಮ ಕೇಳಿದರು.

“ಮೋಲ್ಡಿಂದು ಕಣವ್ವ. ಹೊಸದು.” ಅಜ್ಜಿ ತನ್ನಷ್ಟಕ್ಕೆ ಅಂದಳು, “ಹೆಂಚಿನ ಮನೇಲಿ ಬೆಳದಿಂಗ್ಳು ಒಳಗೆ ಬೀಳ್ತಿತ್ತು.” ಅವಳ ಆರು ಮಕ್ಕಳು ಉಸಿರಾಡಿದ್ದು ಆ ಹೆಂಚಿನ ಸಂದಿಗಳಿಂದ.

ಮೆದುಳಿಗೆ ಏನಾದರೂ ಆಗಿದೆಯೇ ಎಂದು ಕೇಳಿದೆ. ಈಗಲೇ ಹೇಳಲಾಗದು, ದೃಷ್ಟಿ ನಿಲ್ಲಿಸುತ್ತದಾ, ಸದ್ದಿಗೆ ತಿರುಗುತ್ತದಾ ನೋಡುತ್ತಾ ಹೋಗಬೇಕು ಎಂದರು. ನೋಡುತ್ತಾ ಹೋಗುವುದು ಎಂಬ ಮಾತು ಎಷ್ಟು ಉದ್ದದ್ದು ಎಂದು ಆಮೇಲೆ ತಿಳಿಯಿತು.

ಮನೆಗೆ ಬಂದಾಗ ಗೋಣಿಚೀಲಗಳು ಇರಲಿಲ್ಲ. ಕಿಟಕಿ ತೆರೆದಿತ್ತು. ಅಜ್ಜಿ ಕಂಬಳಿ ಹೊದ್ದು ಆ ಕಿಟಕಿಗೆ ಬೆನ್ನು ಕೊಟ್ಟು ಕೂರುವಳು. ಕೋಣೆಗೆ ಗಾಳಿ ಬರಬೇಕು, ನೇರವಾಗಿ ನಮಗೆ ತಾಗಬಾರದು. “ಆ ಖಾಲಿ ಕೈಯೋವು ಈಗ ಎಲ್ಲಿಗೋದವು?” ಎಂದು ಒಂದು ದಿನ ಕೇಳಿದಳು. ಹೊರಗಿನ ಗಾಳಿಯಲ್ಲಿ ಚದುರಿಹೋದವು ಎಂದೆ. “ಹೂಂ” ಎಂದಳು. ಆಮೇಲೆ ಏನೆಂದು ಕೇಳಲಿಲ್ಲ. ಮುಂದೇನೆಂದು ಇಬ್ಬರಿಗೂ ಗೊತ್ತಿರಲಿಲ್ಲ.

ವಾರಗಳು ಹೋದವು. ಮಗು ಚಾವಣಿಯನ್ನೇ ನೋಡುತ್ತಾ ಮಲಗಿರುತ್ತಿತ್ತು. ಚಪ್ಪಾಳೆ ತಟ್ಟಿದೆ, ಲೋಟ ಬಡಿದೆ, ತಿರುಗಲಿಲ್ಲ. ಅಜ್ಜಿ ಅವ್ವನನ್ನು ಅಟ್ಟ ಹತ್ತಿಸಿ ಒಂದು ಒಣಗಿದ ಕಾಯಿ ತರಿಸಿದಳು. ಚೆನ್ನಾಗಿ ಒಣಗಿದ ಕಾಯಿಯೊಳಗೆ ಕೊಬ್ಬರಿ ಚಿಪ್ಪಿನಿಂದ ಬಿಟ್ಟುಕೊಂಡು, ಅಲ್ಲಾಡಿಸಿದರೆ ಗುಡುಗುಡು ಎನ್ನುತ್ತದೆ. ದಿನಾ ಕಿಟಕಿಯ ಬಳಿ ಕೂತು ಮಗುವಿನ ಕಿವಿಯ ಪಕ್ಕ ಅಲ್ಲಾಡಿಸುವಳು, ಮುಖ ನೋಡುವಳು, ಕಾಯಿಯನ್ನು ಮಡಿಲಿನಲ್ಲಿಟ್ಟುಕೊಳ್ಳುವಳು. ಅವಳ ಮುಖ ನೋಡಲಾಗದೆ ನಾನು ಗೋಡೆಯ ಕಡೆ ತಿರುಗುತ್ತಿದ್ದೆ.

ಒಂದು ಬೆಳಿಗ್ಗೆ ಗುಡುಗುಡು ಸದ್ದು ನಿಂತು, ಮತ್ತೆ ಕೇಳಿ, ಮತ್ತೆ ನಿಂತಿತು. ತಿರುಗಿ ನೋಡಿದೆ. ಮಗುವಿನ ಮುಖ ಅಜ್ಜಿಯ ಕಡೆಗಿತ್ತು. ಅಜ್ಜಿ ಎದ್ದು, ಸೊಂಟ ಹಿಡಿದುಕೊಂಡು ಮಂಚ ಬಳಸಿ ಈ ಕಡೆಗೆ ಬಂದು ಅಲ್ಲಾಡಿಸಿದಳು. ಮಗು ನಿಧಾನವಾಗಿ ಈ ಕಡೆಗೆ ತಿರುಗಿತು. ಅವಳಿಗೆ ನಂಬಿಕೆ ಬರಲಿಲ್ಲ. ಮತ್ತೆ ಆ ಬದಿಗೆ ಹೋದಳು. ಅವ್ವ ಊಟಕ್ಕೆ ಕರೆದಾಗಲೂ ಅಜ್ಜಿ ಕಾಯಿ ಹಿಡಿದುಕೊಂಡು ಮಂಚದ ಸುತ್ತ ನಡೆಯುತ್ತಲೇ ಇದ್ದಳು.